ಸಯಾಮಿನ ಶ್ಯಾವಿಗೆ

ನಾನು ಅಜ್ಜಿಯಾದೆ! ಹೆಣ್ಣು ಮಗು. ಇವತ್ತು ಬೆಳಗ್ಗೆ ಚೆನ್ನೈ ಪೋರೂರಿನ ಆಸ್ಪತ್ರೆಯಿಂದ ಮನೆಗೆ ಬಂದಳು. ಹೊಸ್ತಿಲಲ್ಲಿ ಆರತಿ ಎತ್ತುವ ಸಂಭ್ರಮದಲ್ಲಿ ಕುಂಕುಮದ ನೀರು ಅರ್ಧ ಅಳಿಯನ ಪ್ಯಾಂಟಿಗೇ ಹೋಯಿತು. ಹೋಗಲಿ, ಒಗೆದರೆ ಆಯಿತು. ಮಗು ಹುಟ್ಟಿದ ದಿನ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟಾಗ, ಉಳಿದವರೆಲ್ಲ ಮೂಗು ಯಾರದು, ಬಣ್ಣ ಯಾರದು ಎಂದು ನೋಡುತ್ತಿದ್ದರೆ ನಾನು ನೋಡಿದ್ದು ಕಿವಿ. ಎಡಗಿವಿ ನೋಡಿದೆ. ಮೆಲ್ಲಗೆ ತಲೆ ತಿರುಗಿಸಿ ಬಲಗಿವಿ ನೋಡಿದೆ. ಸಾಲದೆ ಸೆರಗಿನ ತುದಿಯಿಂದ ಒತ್ತಿಯೂ ನೋಡಿದೆ.

"ಎನ್ನ ಪಾಟ್ಟಿ, ಇಪ್ಪವೇ ಕಮ್ಮಲಾ?" ಎಂದು ನರ್ಸಮ್ಮ ನಕ್ಕಳು. ಈಗಲೇ ಓಲೆ ಚುಚ್ಚಿಸುವ ಅವಸರವೇ ಅಜ್ಜಿ ಅಂತ.

ಓಲೆಗಲ್ಲ ನಾನು ನೋಡಿದ್ದು. ಅದನ್ನು ಹೇಳಬೇಕೆಂದರೆ ನನ್ನ ಮಗಳ ಬಯಕೆಯಿಂದ ಶುರು ಮಾಡಬೇಕು. ಅವಳು ಬಸುರಿಯಾಗಿದ್ದಾಗ ಶೋಳಿಂಗನಲ್ಲೂರಿನ ಆಫೀಸಿನಿಂದ ಬಂದವಳೇ ಫೋನು ಒತ್ತಿ ಏನೋ ತರಿಸಿಕೊಳ್ಳುತ್ತಿದ್ದಳು. ಒಂದು ದಿನ ಆ ಡಬ್ಬಿಯ ಮುಚ್ಚಳ ತೆಗೆದುಕೊಡು ಎಂದಳು. ತೆಗೆದೆ. ಹಬೆ ಮುಖಕ್ಕೆ ಹೊಡೆಯಿತು ನೋಡಿ, ನಾನು ನಿಂತಲ್ಲೇ ಒಂಬತ್ತು ವರ್ಷದ ಹುಡುಗಿಯಾಗಿಬಿಟ್ಟೆ. ಹಳದಿ ಕೆಂಪು ಕಾಯಿಹಾಲು, ಅದರೊಳಗೆ ಮುಳುಗಿದ ಶ್ಯಾವಿಗೆ, ಮಜ್ಜಿಗೆ ಹುಲ್ಲಿನ ಪರಿಮಳ. "ಅಯ್ಯೋ, ಇದು ನಮ್ಮ ಮನೆಯದು!" ಎಂದು ಕೂಗಿದೆ.

"ಅಮ್ಮಾ, ಇದು ಥಾಯ್ ಫುಡ್ ಮಾ. ಉನಕ್ಕು ಎಪ್ಪಡಿ ತೆರಿಯುಂ?" ಮಗಳು ನನಗೆ ತಮಿಳಿನಲ್ಲೇ ಉತ್ತರ ಕೊಡುವುದು.

"ಹೇಗೆ ಗೊತ್ತಾ? ನಿನ್ನ ಸೋದರಮಾವ ಹುಟ್ಟಿದ್ದೇ ಇದನ್ನು ಉಂಡು" ಎಂದೆ.

ನಾವು ಆಗ ಇದ್ದದ್ದು ಮದ್ರಾಸಿನ ತ್ರಿಪ್ಲಿಕೇನಿನ ಒಂದು ಓಣಿಯಲ್ಲಿ. ಮನೆ ರೈಲು ಬೋಗಿಯಂತೆ ಉದ್ದಕ್ಕೆ ಹೋಗುತ್ತಿತ್ತು. ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಬಾವಿಯ ಸುತ್ತ ಬಾಡಿಗೆಯ ಸಂಸಾರಗಳು. ಯಾರ ಮನೆಯಲ್ಲಿ ಒಗ್ಗರಣೆ ಸೀದರೂ ಎಲ್ಲರೂ ಕೆಮ್ಮಬೇಕು. ನಮ್ಮ ಪಾಲಿಗೆ ಬಂದದ್ದು ಒಂದು ಕೋಣೆ, ಒಂದು ಅಡುಗೆಮನೆ. ಕೋಣೆ ಹಗಲು ಊಟದ ಮನೆ, ಸಂಜೆ ದೀಪ ಹಚ್ಚಿದರೆ ದೇವರ ಮನೆ, ಚಾಪೆ ಬಿಚ್ಚಿದರೆ ಮಲಗುವ ಮನೆ. ಅಡುಗೆಮನೆ ಮಾತ್ರ ಯಾವಾಗಲೂ ಅಡುಗೆಮನೆಯೇ, ಮತ್ತು ಅದು ನನ್ನ ಅಪ್ಪಯ್ಯನ ಅಮ್ಮನದು. ಅಜ್ಜಿ ಮಿಂದು ಮಡಿಯುಟ್ಟು ಒಳಗೆ ಹೋದಳೆಂದರೆ ಹೊಸ್ತಿಲೇ ಗಡಿ. ಅಮ್ಮನಾದರೂ ಮಿಂದೇ ಒಳಗೆ ಹೋಗಬೇಕು. ಅಪ್ಪಯ್ಯನಿಗಂತೂ ಪ್ರವೇಶವೇ ಇಲ್ಲ. ಅಪ್ಪಯ್ಯ ದೊಡ್ಡ ಬೀದಿಯ ಹೋಟೆಲಿನಲ್ಲಿ ಅಡುಗೆಯವರು. ತ್ರಿಪ್ಲಿಕೇನಿನ ಲಾಡ್ಜುಗಳಲ್ಲಿ ಇದ್ದವರೆಲ್ಲ ಬೆಳಗ್ಗೆ ಎದ್ದು ತಿನ್ನುವುದು ಅವರ ಕೈಯ ಇಡ್ಲಿ, ಅವರ ಕೈಯ ಸಾಂಬಾರು. ಆದರೆ ಸ್ವಂತ ಮನೆಯಲ್ಲಿ ಸೌಟು ಮುಟ್ಟುವ ಹಾಗಿಲ್ಲ. ಹೋಟೆಲಿನ ಒಲೆ ಮುಟ್ಟಿದ ಕೈ ಎಂದು ಅಜ್ಜಿಯ ತಕರಾರು. ಅವರು ಹೊಸ್ತಿಲ ಆಚೆ ಕುಕ್ಕರಗಾಲಲ್ಲಿ ಕೂತು ಮೂಗಿನಲ್ಲೇ ಅಡುಗೆ ಮಾಡುತ್ತಿದ್ದರು.

"ಅಮ್ಮ, ಸಾರಿಗೆ ಹುಳಿ ಸಾಲ."

"ನಿನ್ ಹೋಟ್ಲಂಗ್ ಹೇಳ್ಕೊ. ಇಲ್ಲಿ ಬಡ್ಸಿದ್ ಉಣ್."

ಆ ಅಡುಗೆಮನೆಯ ಮೂಲೆಯಲ್ಲಿ ಶ್ಯಾವಿಗೆ ಒರಳು ಇತ್ತು. ಮೂರು ಕಾಲಿನ ಮರದ ಮಣೆ, ಮೇಲೆ ಹಿತ್ತಾಳೆಯ ತೂತುಬಿಲ್ಲೆಯ ಕೊಳವೆ, ಅದರೊಳಗೆ ಇಳಿಯುವ ತಿರುಪು, ತಿರುಗಿಸಲು ಉದ್ದನೆಯ ಕೈ. ಕುಂದಾಪುರದಿಂದ ಮದ್ರಾಸಿಗೆ ಬರುವಾಗ ಅಜ್ಜಿ ಬೇರೆಲ್ಲವನ್ನೂ ಗೋಣಿಯಲ್ಲಿ ಕಟ್ಟಿಸಿ, ಇದೊಂದನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಬಂದಳಂತೆ. ಹಬ್ಬದ ದಿನ ಅಮ್ಮ ಆ ಕೈಯನ್ನು ತಿರುಗಿಸುವುದು, ಅಜ್ಜಿ ಕೆಳಗೆ ಬಾಳೆಲೆ ಹಿಡಿದು ಸುತ್ತಿಸಿಕೊಳ್ಳುವುದು. ಒಬ್ಬರಿಂದ ಆಗುವ ಕೆಲಸವೇ ಅಲ್ಲ ಅದು. ಬೆಂದ ಅಕ್ಕಿಯ ಉಂಡೆ ಬಿಸಿ ಇರುವಾಗಲೇ ಒತ್ತಬೇಕು, ತಣಿದರೆ ಆನೆ ಬಂದರೂ ಇಳಿಯುವುದಿಲ್ಲ. ಒತ್ತಿದ ಶ್ಯಾವಿಗೆಗೆ ಕಾಯಿಹಾಲು, ಬೆಲ್ಲ, ಏಲಕ್ಕಿ. ನಮ್ಮ ಮನೆಯಲ್ಲಿ ಶ್ಯಾವಿಗೆಯ ಜೊತೆಗೆ ಕಾಯಿಹಾಲು ಎಂದರೆ ಸಿಹಿ. ಅದು ಬೇರೆ ರೀತಿ ಇರಬಹುದೆಂದು ನಮಗೆ ಹೇಳಿದವರೂ ಇಲ್ಲ, ಕೇಳಿದವರೂ ಇಲ್ಲ.

ನನಗೆ ಒಂಬತ್ತಾದ ಆ ವರ್ಷ ಅಮ್ಮ ಬಸುರಿ. ನನ್ನ ನಂತರ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಆದರೆ ತೊಟ್ಟಿಲಿಗೆಂದು ತೊಲೆಗೆ ಕಟ್ಟಿದ್ದ ಹಗ್ಗವನ್ನು ಯಾರೂ ಬಿಚ್ಚಿರಲಿಲ್ಲ, ಗಾಳಿ ಬಂದರೆ ಅದು ಸುಮ್ಮನೆ ತೂಗುತ್ತಿತ್ತು. ಈ ಸಲ ಅಮ್ಮನಿಗೆ ಏನೂ ಹೊಟ್ಟೆಯಲ್ಲಿ ನಿಲ್ಲದು. ಗಂಜಿ ಕೊಟ್ಟರೆ ವಾಂತಿ, ಮಜ್ಜಿಗೆ ಕೊಟ್ಟರೆ ವಾಂತಿ. ಅಪ್ಪಯ್ಯ ಹೋಟೆಲಿನಿಂದ ಬಿಸಿ ಇಡ್ಲಿ ತಂದರು, ಪೊಂಗಲ್ ತಂದರು, ಒಂದು ದಿನ ತಾವೇ ನಿಂತು ಮಾಡಿದ ಮೈಸೂರುಪಾಕೂ ತಂದರು. ಅಮ್ಮ ಮುಚ್ಚಳ ತೆಗೆಯುವ ಮೊದಲೇ ಬಾವಿಕಟ್ಟೆಗೆ ಓಡಿದಳು. ಊರಿಗೆಲ್ಲ ಉಣ್ಣಿಸುವ ಮನುಷ್ಯ ಹೆಂಡತಿಗೆ ಒಂದು ತುತ್ತು ಇಳಿಸಲಾರದೆ ಪೊಟ್ಟಣ ಹಿಡಿದು ನಿಂತದ್ದು ಈಗಲೂ ಕಣ್ಣ ಮುಂದಿದೆ. ಡಾಕ್ಟರಮ್ಮ ಕೈ ಹಿಡಿದು ನೋಡಿ, ಹೀಗೇ ಉಣ್ಣದಿದ್ದರೆ ಮಗು ಉಳಿಯುವ ಭರವಸೆ ಕೊಡಲಾರೆ ಎಂದಳು. ಅಮ್ಮ ಗೋಡೆಯ ಕಡೆಗೆ ಹೊರಳಿ ಮಲಗಿದಳು. ಅವಳ ಬೆನ್ನಿನ ಮೂಳೆ ರವಿಕೆಯೊಳಗಿಂದ ಕಾಣುತ್ತಿತ್ತು.

ಆಗ ಒಂದು ಮಧ್ಯಾಹ್ನ ಅಂಗಳದ ಆಚೆಯಿಂದ ಆ ಪರಿಮಳ ಬಂತು.

ಆಚೆ ಬದಿಯಲ್ಲಿದ್ದವಳು ಸಯಾಮ್ ಅಕ್ಕ. ಹೆಸರು ವಳ್ಳಿಯಮ್ಮೈ, ಆದರೆ ಹಾಗೆಂದು ಕರೆದವರಿಲ್ಲ. ಅವಳ ಗಂಡ ಸಯಾಮ್ ದೇಶದ ಬಡಗಣ ಊರಿನಲ್ಲಿ ಯಾವುದೋ ಜವಳಿ ಅಂಗಡಿಯಲ್ಲಿದ್ದರಂತೆ. ಈಗ ಥಾಯ್ಲೆಂಡ್ ಅನ್ನುತ್ತಾರಲ್ಲ, ಅದೇ. ಅವರು ತೀರಿಕೊಂಡ ಮೇಲೆ ಒಬ್ಬಳೇ ಹಡಗು ಹತ್ತಿ ಬಂದು, ಹೊಲಿಗೆ ಮಿಷನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಅವಳ ಬಾಗಿಲ ಪಕ್ಕದಲ್ಲಿ ಒಡೆದ ಮಡಕೆಯಲ್ಲಿ ಮಜ್ಜಿಗೆ ಹುಲ್ಲು. ಅವಳು ಯಾವಾಗಲೋ ಒಮ್ಮೆ, ಮನಸ್ಸು ಭಾರವಾದ ದಿನ, ಆ ದೇಶದ ಅಡುಗೆ ಮಾಡುವುದು. 'ಕಾವ್ ಸೋಯ್' ಎನ್ನುತ್ತಿದ್ದಳು. ಅಂಗಳದ ಬೇರೆ ಯಾರ ನಾಲಿಗೆಯೂ ಅದಕ್ಕೆ ಹೊರಳಲಿಲ್ಲ.

ಅಮ್ಮ ಚಾಪೆಯ ಮೇಲೆ ಎದ್ದು ಕೂತಳು. ಎಷ್ಟೋ ದಿನದ ಮೇಲೆ ತಾನಾಗಿ ಎದ್ದು ಕೂತದ್ದು. ಮೂಗು ಮೇಲೆತ್ತಿ, ಕಣ್ಣು ಮುಚ್ಚಿ, ಯಾರೋ ಕರೆದದ್ದನ್ನು ಕೇಳುವವಳ ಹಾಗೆ.

"ಅದೆಂತ ಪರಿಮಳ ಅತ್ತೆ?"

"ಯಾವ್ದ್? ಆ ಸಯಾಮಿನವಳ್ ಎಂತದೋ ಬೇಯ್ಸ್ತ್. ಬಾಗ್ಲ್ ಹಾಕ್ಲಾ?"

"ಬೇಡ, ಹಾಕ್ಬೇಡಿ." ಅಮ್ಮನ ಗಂಟಲಲ್ಲಿ ಎಂಜಲು ಇಳಿದದ್ದು ನನಗೆ ಕಂಡಿತು. "ನಂಗದ್ ಬೇಕ್."

ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಆ ಅಡುಗೆಯೊಳಗೆ ಒಣಮೀನು ಬಿದ್ದಿದೆಯೆಂದು ಅವಳ ಮೂಗಿಗೆ ತಿಳಿಯದೆ ಇರುತ್ತದೆಯೇ? ಬೆಳ್ಳುಳ್ಳಿಯನ್ನೂ ಹೊಸ್ತಿಲು ದಾಟಿಸದ ಮನೆ ನಮ್ಮದು. ಆದರೆ ಅದೇ ಅಜ್ಜಿಯ ಇನ್ನೊಂದು ನಂಬಿಕೆ ಅದಕ್ಕಿಂತಲೂ ಗಟ್ಟಿ. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಕೊಡದೆ ಹೋದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ. ಸಂಜೆ ಅಪ್ಪಯ್ಯ ಬಂದಾಗ ಹೊಸ್ತಿಲಲ್ಲಿ ಜಗಳ ಹತ್ತಿಕೊಂಡಿತು.

"ಅಮ್ಮ, ಒಂದ್ ಬಟ್ಲ್ ತಂದ್ ಕೊಟ್ಬಿಡುವ. ಜೀವಕ್ಕಿಂತ ಮಡಿ ದೊಡ್ಡದಾ?"

"ಮೀನ್ ಕಾಣ ಅದ್! ಬಾಯಿಗ್ ಇಟ್ಟ್ ಮೇಲೆ ಗೊತ್ತಾಯಿ ಮತ್ತೂ ವಾಂತಿ ಮಾಡ್ಕೊಂಡ್ರೆ ಎಂತ ಮಾಡ್ತೆ?"

"ಹಂಗಾರ್ ಕೊಡೂದ್ ಬೇಡ್ವಾ?"

"ಬೇಡ ಅಂದವ್ರ್ ಯಾರ್? ಕೊಡ್ಕೇ. ಕಿವಿ ಸೋರೂದ್ ಮಗಿಂದ್, ನಿಂದಲ್ಲ."

ಮರುದಿನ ಬೆಳಗ್ಗೆ ಅಜ್ಜಿ ಅಂಗಳ ದಾಟಿದಳು. ಬಾವಿಯ ತನಕ ಬಿಟ್ಟರೆ ಆಚೆಗೆ ಅವಳು ಹೋದದ್ದೇ ಇರಲಿಲ್ಲ. ನಾನು ಸೆರಗು ಹಿಡಿದು ಹಿಂದೆ. ಅಜ್ಜಿಯ ತಮಿಳು ಅರ್ಧ ದಾರಿ ಹೋಗಿ ಕುಂದಾಪುರಕ್ಕೆ ವಾಪಸು ಬರುವಂಥದ್ದು.

"ಹ್ವಾಯ್ ಅಮ್ಮಾ, ನಮ್ ಸೊಸೆಗ್ ಮಸಕ್ಕೈ. ನೀವ್ ನಿನ್ನೆ ಮಾಡಿದ್ದ್ ವಾಸನೆ ವಂದು... ಅದೇ ಬೇಕಂಬ್ರ್."

ಮಸಕ್ಕೈ ಎಂದರೆ ತಮಿಳಿನಲ್ಲಿ ಬಸುರಿಯ ಬಯಕೆ. ಸಯಾಮ್ ಅಕ್ಕ ಹೊಲಿಗೆ ನಿಲ್ಲಿಸಿ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟಳು. "ಅಯ್ಯಯ್ಯೋ, ಕರುವಾಡು ಪೋಟ್ಟಿರುಕ್ಕೇನೇ ಮಾಮಿ!" ಒಣಮೀನು ಹಾಕಿದ್ದೇನಲ್ಲ ಎಂದು.

"ಮೀನ್ ಬೇಡ. ಮೀನಿಲ್ದೆ ಹೇಳಿ. ನಾನೇ ಮಾಡ್ತೆ."

"ಪೂಂಡು?"

"ಬೆಳ್ಳುಳ್ಳಿ ಬೇಡ."

"ವೆಂಗಾಯಂ?"

"ನೀರುಳ್ಳಿ ಬೇಡ."

"ಮುಟ್ಟೈ ಪೋಟ್ಟ ನೂಡಲ್ಸು..."

"ಶಿವ ಶಿವ, ಮೊಟ್ಟೆ!"

ಸಯಾಮ್ ಅಕ್ಕ ನಗುವುದೋ ಅಳುವುದೋ ತಿಳಿಯದೆ ನೋಡಿದಳು. "ಅಪ್ಪೋ ಎನ್ನ ಮಾಮಿ ಬಾಕಿ?" ಹಾಗಾದರೆ ಉಳಿದದ್ದೇನು?

"ತೆಂಗಿನಕಾಯಿ ಉಂಟಲ್ದಾ?" ಎಂದಳು ಅಜ್ಜಿ. "ಮತ್ತೆಂತ ಬೇಕ್?"

ಅವತ್ತು ಮಧ್ಯಾಹ್ನ ಸಯಾಮ್ ಅಕ್ಕ ನಮ್ಮ ಅಡುಗೆಮನೆಯ ಹೊಸ್ತಿಲ ಆಚೆ, ಅಪ್ಪಯ್ಯ ಕೂರುವ ಜಾಗದಲ್ಲಿ ಕೂತಳು. ಅವಳು ಹೇಳುವುದು, ಅಜ್ಜಿ ಒಳಗೆ ಮಾಡುವುದು. ಮಜ್ಜಿಗೆ ಹುಲ್ಲಿನ ಬುಡ, ಒಣಮೆಣಸು, ಕೊತ್ತಂಬರಿ, ಶುಂಠಿ, ಅರಸಿನ, ನಿಂಬೆ ಎಲೆ. ಆಮೇಲೆ ಚಿತ್ತರತ್ತೈ ಎಂದು ಒಂದು ಬೇರಿನ ಚೂರು ಒಳಗೆ ಎಸೆದಳು. ಅಜ್ಜಿ ಅದನ್ನು ಮೂಸಿ, ತಿರುಗಿಸಿ ನೋಡಿ ಹುಬ್ಬೇರಿಸಿದಳು. ನನಗೆ ಕೆಮ್ಮು ಬಂದರೆ ಜೇನಿನಲ್ಲಿ ತೇಯ್ದು ನೆಕ್ಕಿಸುವ ಬೇರು ಅದು! ಮದ್ದನ್ನು ಮಸಾಲೆಗೆ ಹಾಕುವ ದೇಶವೂ ಇದೆಯೇ ಎಂದು ನನಗೆ ಆಶ್ಚರ್ಯ. ಅರೆಯುವ ಕಲ್ಲಿನ ಮೇಲೆ ಅವೆಲ್ಲ ಒಂದಾಗುತ್ತ ಹೋದ ಹಾಗೆ ಕೆಮ್ಮಿನ ಮದ್ದೂ ಇಲ್ಲ, ಶುಂಠಿಯೂ ಇಲ್ಲ, ಯಾವುದೋ ನೋಡದ ಊರಿನ ಗಾಳಿ ನಮ್ಮ ಅಡುಗೆಮನೆಯಲ್ಲಿ ಬೀಸಿದ ಹಾಗಾಯಿತು. ಚಾಪೆಯ ಮೇಲಿಂದ ಅಮ್ಮ ಕೇಳಿದಳು, "ಆಯ್ತಾ?"

ಆಗಿರಲಿಲ್ಲ. ಅಕ್ಕಿಯ ಉಂಡೆ ಬೆಂದು ಒರಳಿಗೆ ಬಿತ್ತು, ತಿರುಗಿಸುವವರಿಲ್ಲ. ಪ್ರತಿ ಸಲ ತಿರುಗಿಸುವ ಅಮ್ಮ ಚಾಪೆಯ ಮೇಲೆ. ಅಪ್ಪಯ್ಯ ಹೋಟೆಲಿನಲ್ಲಿ. ಅಜ್ಜಿ ನನ್ನ ತಲೆಗೆ ಒಂದು ಚೊಂಬು ನೀರು ಸುರಿದು ಒಳಗೆ ಕರೆದಳು. ನಾನು ಆ ಮರದ ಕೈಗೆ ಜೋತುಬಿದ್ದೆ. ಕೈ ತಿರುಗಲಿಲ್ಲ, ನನ್ನ ಕಾಲು ನೆಲ ಬಿಟ್ಟಿತು. ಬಾವಲಿಯ ಹಾಗೆ ತೂಗಾಡಿದೆ. ಅಜ್ಜಿ ಎಲೆ ಬಿಟ್ಟು ತಾನೇ ತಿರುಗಿಸಿದಳು, ನಾಲ್ಕು ಎಳೆ ಇಳಿದು ನೆಲಕ್ಕೆ ಬಿತ್ತು. ಉಂಡೆ ತಣಿಯುತ್ತಿತ್ತು. ಅಜ್ಜಿಯ ಹಣೆಯಲ್ಲಿ ಬೆವರು.

ಹೊಸ್ತಿಲ ಆಚೆ ಸಯಾಮ್ ಅಕ್ಕ ಎದ್ದು ನಿಂತಿದ್ದಳು. ಹೊಲಿಗೆ ಮಿಷನ್ನು ತುಳಿದ ಕಾಲು, ಬಟ್ಟೆ ಎಳೆದ ಗಟ್ಟಿ ತೋಳು. ಅವಳು ತನ್ನ ಎರಡು ಅಂಗೈಯನ್ನು ನೋಡಿಕೊಂಡಳು.

ಅಜ್ಜಿ ಅವಳನ್ನು ನೋಡಿದಳು. ಅಮ್ಮನ ಕಡೆ ನೋಡಿದಳು. ತೊಲೆಯ ಹಗ್ಗವನ್ನೂ ನೋಡಿದಳು ಎಂದು ನನ್ನ ನೆನಪು.

"ಕೈಕಾಲ್ ತೊಳ್ಕೊಂಡ್ ಒಳಗ್ ಬನ್ನಿ" ಎಂದಳು. "ಬೇಗ ಬನ್ನಿ, ಉಂಡೆ ತಣ್ದ್ ಹೋತ್ತ್."

ಇಷ್ಟೇ. ಅಷ್ಟು ವರ್ಷ ಅಪ್ಪಯ್ಯನಿಗೂ ದಾಟಲಾಗದ ಗಡಿ, ಅಕ್ಕಿಯ ಉಂಡೆ ತಣಿಯುವುದರೊಳಗೆ ಹೋಗಿಯೇ ಹೋಯಿತು. ಸಯಾಮ್ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಒರಳಿನ ಕೈ ಹಿಡಿದಳು. ಕಿರ್ರೆಂದು ತಿರುಪು ಇಳಿಯಿತು. ಬಿಳಿ ಎಳೆಗಳು ಮಳೆ ನಿಂತ ಮೇಲೆ ಮಾಡಿನಿಂದ ಇಳಿಯುವ ನೀರಿನ ಹಾಗೆ ಒಟ್ಟೊಟ್ಟಿಗೆ ಇಳಿದವು. ಅಜ್ಜಿ ಕೆಳಗೆ ಎಲೆ ಹಿಡಿದು ಸುತ್ತಿಸಿಕೊಂಡಳು. ಒಬ್ಬಳ ಕೈ ನಿಧಾನವಾದರೆ ಇನ್ನೊಬ್ಬಳ ಕೈಯೂ ನಿಧಾನ. ಜನ್ಮವೆಲ್ಲ ಜೊತೆಗೆ ಒತ್ತಿದವರ ಹಾಗೆ. ನಾನು ಒದ್ದೆ ತಲೆಯಲ್ಲಿ ಬಾಯಿಬಿಟ್ಟುಕೊಂಡು ನೋಡಿದೆ. ದೇವರನ್ನು ನೋಡಿದಾಗ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಅದರ ಹತ್ತಿರ ಹತ್ತಿರ ಇರಬೇಕು.

ಆಮೇಲೆ ಒಲೆಯ ಮೇಲೆ ಕಾಯಿಹಾಲು. ಅರೆದದ್ದನ್ನು ಎಣ್ಣೆಯಲ್ಲಿ ಬಾಡಿಸಿ, ಇಂಗು ಹಾಕಿ, ಮೊದಲು ನೀರಾದ ಹಾಲು, ಕೊನೆಗೆ ಗಟ್ಟಿ ಹಾಲು. ಶ್ಯಾವಿಗೆ ಚೆನ್ನಾಗಿ ಬಂದ ಸಂತೋಷದಲ್ಲಿ ಅಜ್ಜಿ ಏನೋ ಗುನುಗುತ್ತಿದ್ದಳು. ಗುನುಗುತ್ತಲೇ ಮೇಲಿನ ಡಬ್ಬಿ ತೆಗೆದಳು. ಗುನುಗುತ್ತಲೇ ಒಂದು ಹಿಡಿ ಬೆಲ್ಲ ಪಾತ್ರೆಗೆ ಹಾಕಿದಳು.

"ಮಾಮೀ!" ಸಯಾಮ್ ಅಕ್ಕ ಕಿರುಚಿದಳು.

ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ಬಾಳೆಲೆಯಲ್ಲಿ ಶ್ಯಾವಿಗೆ, ಒಲೆಯ ಮೇಲೆ ಕಾಯಿಹಾಲು; ನಲವತ್ತು ವರ್ಷ ಹಾಗೇ ಮಾಡಿದ ಕೈಗೆ ಇನ್ನೇನು ಗೊತ್ತು? ತಲೆ ಮರೆತರೂ ಕೈ ಮರೆಯಲಿಲ್ಲ. ಮನೆಯಲ್ಲಿ ಬೇರೆ ತೆಂಗಿನಕಾಯಿ ಇಲ್ಲ. ಆಚೆಯಿಂದ ಅಮ್ಮ ಮತ್ತೆ, "ಆಯ್ತಾ ಅತ್ತೆ?" ಅಜ್ಜಿ ಒಲೆಯ ಮುಂದೆ ಕೂತೇಬಿಟ್ಟಳು. "ಹಾಳ್ ಮಾಡ್ದೆ ಕಾಣಿ. ಬಾಯ್ಬಿಟ್ಟ್ ಕೇಳಿತ್ತ್ ಮಗು, ಹಾಳ್ ಮಾಡ್ದೆ."

ಸಯಾಮ್ ಅಕ್ಕ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಮತ್ತೊಂದು ತೊಟ್ಟು. ಆಮೇಲೆ ಅವಳ ಕಣ್ಣು ತುಂಬಿ ನಗು ಬಂತು.

"ಅಂಗೇಯುಂ ವೆಲ್ಲಂ ಪೋಡುವಾಂಗ ಮಾಮಿ. ಪನೈ ವೆಲ್ಲಂ." ಆ ದೇಶದಲ್ಲೂ ಬೆಲ್ಲ ಹಾಕುತ್ತಾರೆ, ತಾಳೆಬೆಲ್ಲ. "ಆನಾ ಇವ್ವಳವು ಇಲ್ಲೆ!" ಆದರೆ ಇಷ್ಟೊಂದಲ್ಲ.

ಅಜ್ಜಿ ನಂಬಲಿಲ್ಲ. "ನನ್ ಸಮಾಧಾನಕ್ ಹೇಳ್ಬೇಡಿ."

"ಸಾಮಿ ಸತ್ಯಮಾ!"

ಹುಣಿಸೆಹಣ್ಣು ಕಿವುಚಿ ಹಾಕಿದರು, ಹಸಿಮೆಣಸು ಸಿಗಿದು ಹಾಕಿದರು, ಉಪ್ಪು ಹಾಕಿದರು. ಒಬ್ಬಳು ಹಾಕುವುದು, ಇನ್ನೊಬ್ಬಳು ಅಂಗೈ ನೆಕ್ಕುವುದು. ಕೊನೆಗೆ ನನ್ನ ಅಂಗೈಗೂ ಒಂದು ತೊಟ್ಟು ಬಿತ್ತು. ಅದನ್ನು ನಾನು ಹೇಗೆ ಹೇಳಲಿ? ಮೊದಲು ತೆಂಗು, ಆಮೇಲೆ ಖಾರ, ಅದರ ಹಿಂದೆ ಹುಳಿ, ಎಲ್ಲ ಹೋದ ಮೇಲೆ ಗಂಟಲ ಬುಡದಲ್ಲಿ ಬೆಲ್ಲ. ದಿನಾ ನೋಡುವ ತೆಂಗಿನಕಾಯಿ ಇಂಥದ್ದೊಂದನ್ನು ಒಳಗಿಟ್ಟುಕೊಂಡು ಸುಮ್ಮನಿತ್ತೇ! ಶಾಲೆಯಲ್ಲಿ ನಾನು ಐದನೆಯ ತರಗತಿಯಿಂದಾಚೆ ಹೋಗಲಿಲ್ಲ, ಭೂಗೋಳದಲ್ಲಿ ಏನಿತ್ತೋ ತಿಳಿಯದು. ಲೋಕ ದೊಡ್ಡದು, ಆದರೂ ಒಂದು ಅಂಗೈಯಲ್ಲಿ ಹಿಡಿಯುತ್ತದೆ ಎಂಬುದು ಅವತ್ತೇ ತಿಳಿಯಿತು.

ಮೇಲಿಂದ ಅಕ್ಕಿ ಸಂಡಿಗೆ ಪುಡಿಮಾಡಿ ಉದುರಿಸಿ, ಅಮ್ಮನ ಮುಂದೆ ಬಟ್ಟಲು ಇಟ್ಟರು. ಅಮ್ಮ ಒಂದು ತುತ್ತು ಬಾಯಿಗಿಟ್ಟಳು. ನಾವು ಮೂವರೂ ಉಸಿರು ಬಿಡಲಿಲ್ಲ. ಅಜ್ಜಿ ಅಭ್ಯಾಸಬಲದಿಂದ ತಂಬಿಗೆ, ಬೋಗುಣಿ ಹತ್ತಿರ ಇಟ್ಟುಕೊಂಡಿದ್ದಳು. ಎರಡನೆಯ ತುತ್ತು. ಮೂರನೆಯದು. ಅಮ್ಮನ ಮೂಗಿನ ತುದಿ ಕೆಂಪಾಯಿತು, ಖಾರಕ್ಕೆ ಕಣ್ಣಲ್ಲಿ ನೀರು ಇಳಿಯಿತು, ಕೈ ನಿಲ್ಲಲಿಲ್ಲ. ಬಟ್ಟಲು ಎತ್ತಿ ಕೊನೆಯ ತೊಟ್ಟು ಕುಡಿದು ಕೆಳಗಿಟ್ಟಳು. ಕಾದೆವು. ಏನೂ ಆಗಲಿಲ್ಲ. ಅಮ್ಮ ಒಮ್ಮೆ ತೇಗಿದಳು.

"ಇನ್ನೊಂಚೂರ್ ಉಂಟಾ?"

ಅಜ್ಜಿ ಬೋಗುಣಿ ಎತ್ತಿಕೊಂಡು ಸರಕ್ಕನೆ ಒಳಗೆ ಹೋದಳು. ಸಯಾಮ್ ಅಕ್ಕ ಹಿಂದೆ ಹೋದಳು. ಒಳಗಿನಿಂದ ಮೂಗು ಸೀಟುವ ಸದ್ದು ಎರಡು ಸ್ವರದಲ್ಲಿ ಕೇಳಿತು. ಸಂಜೆ ಅಪ್ಪಯ್ಯ ಬಂದು, ಹೆಂಡತಿ ಗೋಡೆಗೊರಗಿ ಕೂತು ನನಗೆ ಜಡೆ ಹಾಕುವುದನ್ನು ನೋಡಿ ಬಾಗಿಲಲ್ಲೇ ನಿಂತರು. ಪಾತ್ರೆಯಲ್ಲಿ ಉಳಿದದ್ದನ್ನು ಬಡಿಸಿದರೆ ಒಂದು ತುತ್ತು ಉಂಡು ತಲೆ ಕೆರೆದುಕೊಂಡರು.

"ಇದ್ ಸಾಂಬಾರಾ, ಪಾಯ್ಸವಾ?"

"ಎಂತಾರೂ ಆಯ್ಲಿ, ನಿಮ್ ಹೋಟ್ಲಂಗ್ ಸಿಕ್ಕೂದಲ್ಲ" ಎಂದಳು ಅಮ್ಮ. ಎಷ್ಟೋ ವಾರಗಳ ಮೇಲೆ ಅವಳು ಗಂಡನಿಗೆ ಹೇಳಿದ ಕೊಂಕು ಮಾತು. ಅಪ್ಪಯ್ಯ ಬಿರುದು ಸಿಕ್ಕವರ ಹಾಗೆ ನಕ್ಕರು.

ಅದಕ್ಕೆ ಸಯಾಮಿನ ಶ್ಯಾವಿಗೆ ಎಂದು ಹೆಸರಿಟ್ಟವಳು ಅಜ್ಜಿ. ತಮ್ಮ ಹುಟ್ಟುವ ತನಕ ಅಮ್ಮ ಕೇಳಿದಾಗೆಲ್ಲ ಒರಳು ತಿರುಗಿತು, ಅಂಗಳ ದಾಟಿ ಸಯಾಮ್ ಅಕ್ಕ ಬಂದಳು, ನೇರ ಒಳಗೆ. ತಮ್ಮ ಹುಟ್ಟಿದಾಗ ಅಜ್ಜಿ ಅವನನ್ನು ಎತ್ತಿಕೊಂಡು, ಗಂಡೋ ಹೆಣ್ಣೋ ಎಂದೂ ನೋಡದೆ, ಮೊದಲು ನೋಡಿದ್ದು ಕಿವಿ. ಎಡಗಿವಿ, ಬಲಗಿವಿ. ಸೆರಗಿನ ತುದಿಯಿಂದ ಒತ್ತಿ ನೋಡಿ, "ಒಣ ಉಂಟ್!" ಎಂದು ಅಂಗಳಕ್ಕೇ ಕೇಳುವಂತೆ ಕೂಗಿದಳು. ಆಚೆಯಿಂದ ಸಯಾಮ್ ಅಕ್ಕ ಚಪ್ಪಾಳೆ ತಟ್ಟಿದಳು. ಎಷ್ಟೋ ವರ್ಷದ ಮೇಲೆ ನಾವು ಆ ಮನೆ ಬಿಡುವಾಗ ಅವಳು ಮಜ್ಜಿಗೆ ಹುಲ್ಲಿನ ಒಂದು ಬುಡ ಕಿತ್ತು ಅಮ್ಮನ ಕೈಗೆ ಕೊಟ್ಟಳು. ಅದರ ಮರಿಯ ಮರಿ ನನ್ನ ಬಾಲ್ಕನಿಯಲ್ಲಿ ಈಗ ಪೊದೆಯಾಗಿದೆ.

ಇವತ್ತು ಸಂಜೆ ಅದರ ಬುಡ ಕತ್ತರಿಸಿದೆ. ಅಟ್ಟದಿಂದ ಅಜ್ಜಿಯ ಒರಳು ಇಳಿಸಿದೆ. ತಮ್ಮ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದ. ಒರಳಿನ ಕೈ ಅವನು ಹಿಡಿದ, ಎಲೆ ಅಳಿಯ ಹಿಡಿದ. ಅಳಿಯ ಸುತ್ತಿಸಿಕೊಳ್ಳಲು ಬಾರದೆ ಅರ್ಧ ಶ್ಯಾವಿಗೆಯನ್ನು ಮೊಣಕೈಗೆ ಸುತ್ತಿಕೊಂಡ. ಬಾಣಂತಿಗೆ ಖಾರ ಆಗದು ಎಂದು ಮಗಳಿಗೆ ಕಾಳುಮೆಣಸು ಹಾಕಿ ಬೇರೆಯೇ ಮಾಡಿದೆ, ಅವಳಿಗೆ ಅದಕ್ಕೂ ಸಿಟ್ಟು. ಬೆಲ್ಲ ಹಾಕುವಾಗ ಕೈ ತಾನಾಗಿ ಒಂದು ಹಿಡಿ ತುಂಬಿಕೊಂಡಿತು. ನೋಡಿ, ಅರ್ಧ ವಾಪಸು ಸುರಿದೆ. ಮಗುವಿನ ತೊಟ್ಟಿಲನ್ನು ನಡುವೆ ಇಟ್ಟುಕೊಂಡು ಎಲ್ಲರೂ ನೆಲದ ಮೇಲೆ ಕೂತೆವು. ಎಲ್ಲರ ಬಟ್ಟಲಿನಿಂದ ಸುರ್ ಸುರ್ ಎನ್ನುವ ಸದ್ದು. ತಮ್ಮ ಬಟ್ಟಲಿಗೆ ಬಗ್ಗಿದಾಗ ನನ್ನ ಕಣ್ಣು ಅವನ ಕಿವಿಯ ಮೇಲೆ ಹೋಯಿತು. ಸುತ್ತ ನರೆ ಬಂದಿದೆ.

"ಎಂತ ಕಾಣ್ತೆ ಅಕ್ಕ?"

"ಎಂತ ಇಲ್ಲ. ಉಣ್."

ಅಷ್ಟರಲ್ಲಿ ತೊಟ್ಟಿಲ ಆಚೆಯಿಂದ ಒಂದು ಖಾಲಿ ಬಟ್ಟಲು ನನ್ನ ಕಡೆಗೆ ಚಾಚಿತು. ನನ್ನ ಮಗಳು. ಮೂಗಿನ ತುದಿ ಕೆಂಪು. ತಮಿಳಲ್ಲ ಈ ಸಲ.

"ಅಮ್ಮಾ, ಇನ್ನೊಂಚೂರ್ ಉಂಟಾ?"